ಇಲ್ಲವೆಂಬ ಮಾತಿನ ಹೊಣೆ

ಲೋಕವ್ಯವಹಾರದಲ್ಲಿ ‘ಉಂಟು’ ಎಂದು ಹೇಳುವವನಿಗೆ ಸಾಕ್ಷಿಯನ್ನು ಕೇಳುವ ರೂಢಿಯಿದೆ. ‘ಇಲ್ಲ’ ಎಂದು ಹೇಳುವವನಿಗೆ ಅದನ್ನು ಕೇಳುವ ರೂಢಿ ಕಡಿಮೆ. ಹಗೇವಿನಲ್ಲಿ ಹತ್ತು ಚೀಲ ಜೋಳವುಂಟೆಂದವನು ಹಗೇವನ್ನು ತೆರೆದು ತೋರಿಸಬೇಕಾಗುವದು. ಇಲ್ಲವೆಂದವನು ಕೈಯಾಡಿಸಿ ಹೊರಟುಹೋಗಬಹುದು. ಇದರಿಂದ ‘ಇಲ್ಲ’ ಎಂಬ ಮಾತು ಬಹಳ ಅಗ್ಗವಾಗಿದೆ. ಆ ಹುಡುಗನಿಗೆ ಬುದ್ಧಿಯಿಲ್ಲ, ಆ ಸೊಸೆಗೆ ಮಮತೆಯಿಲ್ಲ, ಆ ಆಳಿನಲ್ಲಿ ನಂಬಿಗೆಯಿಲ್ಲ ಎಂಬ ನಿರ್ಣಯಗಳು ಓದುಬರಹ ಬಲ್ಲ ಮನೆಗಳಲ್ಲಿಯೂ ದಿನಕ್ಕೆ ಎಷ್ಟೋ ಸಲ ಆಗುತ್ತಿರುತ್ತವೆ. ಒಂದು ವಸ್ತುವಿನ ಇರವನ್ನು ತಿಳಿಯಲು ಪ್ರಮಾಣವು ಬೇಕಾಗಿರುವಂತೆ ಅದರ ಇಲ್ಲದಿರುವಿಕೆಯನ್ನು ತಿಳಿಯಲೂ ಪ್ರಮಾಣವು ಬೇಕೋ ಬೇಡವೋ? ಬೇಕಾದರೆ ಅದು ಎಂತಹದು? ಪ್ರಮಾಣವಿಲ್ಲದೆ ‘ಇಲ್ಲ’ ಎಂದವನು ಬರಿಯ ತಪ್ಪು ತಿಳಿವಳಿಕೆಯವನೋ, ಅಥವಾ ಅನ್ಯಾಯ ಮಾಡಿದವನೂ ಆಗುವನೋ? ಇದು ತರ್ಕದ ಪ್ರಶ್ನೆಯೆಂದು ಮೇಲುನೋಟಕ್ಕೆ ತೋರಿದರೂ ವಿಚಾರಿಸುತ್ತ ಹೋದಂತೆ ನೀತಿಯ ಪ್ರಶ್ನೆಯಾಗಿ ಪರಿಣಮಿಸುವದು.

ಪೂರ್ವದ ಶಾಸ್ತ್ರಕಾರರು ಇದನ್ನು ವಿಚಾರಿಸುವಾಗ ನೆಲವನ್ನೂ ಕೊಡವನ್ನೂ ದೃಷ್ಟಾಂತವಾಗಿ ತೆಗೆದುಕೊಂಡರು. ‘ಈ ನೆಲದ ಮೇಲೆ ಕೊಡವಿಲ್ಲ’ ಎಂಬ ಒಂದು ವಾಕ್ಯದ ಸುತ್ತ ನೂರಾರು ವರ್ಷ ವಾದವು ನಡೆಯಿತು. ಕೊಡವು ಅವರ ಮನೆಯ ನಿತ್ಯದ ಪದಾರ್ಥವಾಗಿದ್ದದ್ದೇ ಅದಕ್ಕೆ ಕಾರಣವಲ್ಲದೆ ಕೊಡದಲ್ಲಿ ಬೇರೆ ವಿಶೇಷವೇನೂ ಇಲ್ಲ. ಇಂದಿನ ಮನೆಗಳಲ್ಲಿ ಕೊಡದಷ್ಟೇ ಪರಿಚಿತವಾದ ಪದಾರ್ಥ ಮೋಟಾರು ವಾಹನ. ಅದು ದಾರಿಯಲ್ಲಿ ನಿಂತಾಗ ‘ಕಿಡಿಯಿಲ್ಲ’ ಎಂಬ ಮಾತು ಹುಟ್ಟುವದು. ಆ ಮಾತನ್ನು ಪರೀಕ್ಷಿಸುವ ಕ್ರಮದಲ್ಲಿ ಅಭಾವಜ್ಞಾನದ ತೊಡಕುಗಳೆಲ್ಲ ಬೆರಳಿಗೆ ತಾಕುವಷ್ಟು ಸ್ಪಷ್ಟವಾಗಿ ತೋರುವದರಿಂದ ಅದನ್ನೇ ಇಲ್ಲಿ ದೃಷ್ಟಾಂತವಾಗಿ ಎತ್ತಿಕೊಳ್ಳಲಾಗಿದೆ.

ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಶಿವಯೋಗ ಮಂದಿರವಿದೆ. ಹಾನಗಲ್ಲ ಕುಮಾರ ಸ್ವಾಮಿಗಳವರು 1909ರಲ್ಲಿ ಸ್ಥಾಪಿಸಿದ ಈ ಸಂಸ್ಥೆಗೆ ಮೊದಲು ಎತ್ತಿನ ಗಾಡಿಗಳಲ್ಲಿ ಬರುತ್ತಿದ್ದ ಜನರು ಈಗ ಕಾರುಗಳಲ್ಲಿ ಬರುತ್ತಾರೆ. ಬನಶಂಕರಿ, ಮಹಾಕೂಟ, ಪಟ್ಟದಕಲ್ಲುಗಳನ್ನು ನೋಡಿಕೊಂಡು ಹೋಗುತ್ತಾರೆ. ಮಳೆಗಾಲದ ಒಂದು ರಾತ್ರಿ ಆ ಹೊಳೆಯ ದಂಡೆಯಲ್ಲಿ ನಿಂತಿದ್ದ ಹಳೆಯ ಪೆಟ್ರೋಲ್ ಅಂಬಾಸಡರ್ ಕಾರೊಂದು ಬೆಳಗ್ಗೆ ಹೊರಡಲಿಲ್ಲವೆಂದು ಇಟ್ಟುಕೊಳ್ಳಬಹುದು. ಅಂಬಾಸಡರಿನ ತಯಾರಿಕೆ 2014ರಲ್ಲಿ ನಿಂತುಹೋದರೂ ಕೆಲವು ಮನೆಗಳವರು ಅದನ್ನು ಇನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅದರ ಒಳಗಿನ ರಚನೆಯೆಲ್ಲ ಕಣ್ಣಿಗೆ ಕಾಣುವಂತಹದಾದ್ದರಿಂದ ವಿಚಾರಕ್ಕೆ ಅನುಕೂಲ. ಕೀಲಿಯನ್ನು ತಿರುವಿದರೆ ಎಂಜಿನ್ನು ತಿರುಗುವದು, ಆದರೆ ಹೊತ್ತಿಕೊಳ್ಳದು. ಸುತ್ತ ನಿಂತವರಲ್ಲೊಬ್ಬ ಹುಡುಗನು ಒಂದು ಪ್ಲಗ್ಗನ್ನು ಬಿಚ್ಚಿ ವಾಯರಿಗೆ ಸಿಕ್ಕಿಸಿ ನೋಡಿ ‘ಕಿಡಿ ಇಲ್ಲರೀ’ ಎನ್ನುವನು. ಆ ಕೂಡಲೆ ಮೂವರಿಂದ ಮೂರು ನಿರ್ಣಯಗಳು ಹೊರಡುವವು: ಕಾಯಿಲ್ ಸುಟ್ಟಿದೆ, ಕಂಡೆನ್ಸರ್ ಹೋಗಿದೆ, ನಾಲ್ಕೂ ಪ್ಲಗ್ಗುಗಳನ್ನು ಬದಲಿಸತಕ್ಕದ್ದು. ಅನುಭವಸ್ಥನಾದ ಮಿಸ್ತ್ರಿಯು ಮಾತ್ರ ಇವುಗಳಲ್ಲಿ ಯಾವದನ್ನೂ ಹೇಳದೆ ಆ ಹುಡುಗನನ್ನು ‘ಹ್ಯಾಂಗ ನೋಡಿದಿ?’ ಎಂದು ಕೇಳುವನು. ಈ ಸಣ್ಣ ಪ್ರಶ್ನೆಯು ಪ್ರಮಾಣಶಾಸ್ತ್ರದ ಮೊದಲ ಪ್ರಶ್ನೆಯೇ ಆಗಿದೆ.

ಕಿಡಿಯು ಹುಟ್ಟುವ ಬಗೆಯನ್ನು ಮೊದಲು ತಿಳಿಯತಕ್ಕದ್ದು; ಯಾಕೆಂದರೆ ಒಂದು ವಸ್ತು ಹುಟ್ಟುವ ಬಗೆಯನ್ನರಿಯದವನು ಅದು ಹುಟ್ಟದಿರುವ ಬಗೆಯನ್ನು ಹೇಳಲಾರನು. ಬ್ಯಾಟರಿಯ ಬಲ 12 ವೋಲ್ಟ್ ಮಾತ್ರ. ಪ್ಲಗ್ಗಿನ ತುದಿಯಲ್ಲಿರುವ ಸುಮಾರು 0.6 ಮಿಲಿಮೀಟರಿನ ಸಂದನ್ನು ಜಿಗಿಯಲು ಸಾವಿರಗಟ್ಟಲೆ ವೋಲ್ಟುಗಳು ಬೇಕು. ಈ ಹೆಚ್ಚಳವನ್ನು ಮಾಡುವದು ಕಾಯಿಲ್. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿಗಳಿವೆ: ದಪ್ಪ ತಂತಿಯ ಕೆಲವು ನೂರು ಸುತ್ತುಗಳದೊಂದು, ಕೂದಲೆಳೆಯಂತಹ ತಂತಿಯ ಸಾವಿರಾರು ಸುತ್ತುಗಳದಿನ್ನೊಂದು. ಡಿಸ್ಟ್ರಿಬ್ಯೂಟರಿನಲ್ಲಿರುವ ಸಿ.ಬಿ. ಪಾಯಿಂಟ್ ಎಂಬ ಎರಡು ಲೋಹದ ತುಟಿಗಳು ಕೂಡಿರುವಾಗ ಮೊದಲನೆಯ ಸುರುಳಿಯಲ್ಲಿ ಕರೆಂಟು ಹರಿದು ತಿರುಳು ಅಯಸ್ಕಾಂತವಾಗುವದು. ಆ ತುಟಿಗಳು ಸುಮಾರು 0.4 ಮಿಲಿಮೀಟರಿನಷ್ಟು ಬಿಚ್ಚಿಕೊಂಡ ಕ್ಷಣದಲ್ಲಿ ಅಯಸ್ಕಾಂತಶಕ್ತಿಯು ಕುಸಿದು ಎರಡನೆಯ ಸುರುಳಿಯಲ್ಲಿ ಪ್ರಚಂಡವಾದ ವಿದ್ಯುಚ್ಛಕ್ತಿ ಹುಟ್ಟುವದು. ಮೈಕೇಲ್ ಫ್ಯಾರಡೆಯು 1831ರಲ್ಲಿ ಕಂಡುಹಿಡಿದ ನಿಯಮವೇ ಇದಕ್ಕೆ ಮೂಲ. ಕಂಡೆನ್ಸರ್ ಎಂಬದು ಆ ಬಿಚ್ಚುವಿಕೆ ಚುರುಕಾಗುವಂತೆ ಮಾಡಿ ಪಾಯಿಂಟುಗಳು ಸುಡದಂತೆ ಕಾಯುವದು. ಹುಟ್ಟಿದ ಶಕ್ತಿಯು ನಡುವಿನ ದಪ್ಪ ವಾಯರಿನಿಂದ ಡಿಸ್ಟ್ರಿಬ್ಯೂಟರಿನ ಕ್ಯಾಪಿಗೆ ಬಂದು, ತಿರುಗುವ ರೋಟರಿನ ಮೂಲಕ 1, 3, 4, 2 ಎಂಬ ಕ್ರಮದಲ್ಲಿ ನಾಲ್ಕು ಪ್ಲಗ್ಗುಗಳಿಗೆ ಹಂಚಿಹೋಗುವದು. ಎಂಜಿನ್ನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂದಿಗೆ 100 ಕಿಡಿಗಳು ಹಾರಬೇಕು. ಇಷ್ಟು ಕಾರಣಗಳು ಒಟ್ಟುಗೂಡಿ ಹುಟ್ಟುವ ವಸ್ತುವನ್ನು ‘ಇಲ್ಲ’ ಎಂದರೆ, ಆ ಕಾರಣಗಳಲ್ಲಿ ಯಾವದೋ ಒಂದು ಕೂಡಿಬರಲಿಲ್ಲವೆಂದು ಅರ್ಥವಾಗಬಹುದೇ ಹೊರತು ಎಲ್ಲವೂ ಕೆಟ್ಟವೆಂದು ಅರ್ಥವಾಗಲಾರದು.

ಇನ್ನು ‘ಇಲ್ಲ’ ಎಂಬ ಜ್ಞಾನದ ವಿಚಾರ. 7ನೆಯ ಶತಮಾನದ ಮೀಮಾಂಸಕನಾದ ಕುಮಾರಿಲಭಟ್ಟನು ಅಭಾವವನ್ನು ತಿಳಿಯುವದಕ್ಕೆ ಅನುಪಲಬ್ಧಿ, ಎಂದರೆ ಕಾಣದಿರುವಿಕೆ, ಎಂಬ ಪ್ರತ್ಯೇಕ ಪ್ರಮಾಣವನ್ನೊಪ್ಪಿದನು. ಅದ್ವೈತಿಗಳು ಈ ಅಂಶದಲ್ಲಿ ಆ ಮತವನ್ನೇ ಅನುಸರಿಸಿದರು. ಪ್ರಾಭಾಕರರು ಬರಿಯ ನೆಲದ ಹೊರತು ಅಭಾವವೆಂಬ ಬೇರೊಂದು ಪದಾರ್ಥವೇ ಇಲ್ಲವೆಂದರು. ನೈಯಾಯಿಕರು ಅಭಾವವು ಪದಾರ್ಥವೇ ಹೌದು, ಆದರೆ ಅದನ್ನು ತಿಳಿಯಲು ಕಣ್ಣು ಮೊದಲಾದ ಇಂದ್ರಿಯಗಳೇ ಸಾಕು, ಬೇರೆ ಪ್ರಮಾಣ ಬೇಡವೆಂದರು. ಇವರಲ್ಲಿ ಭಾಟ್ಟರಿಗೂ ನೈಯಾಯಿಕರಿಗೂ ಎಷ್ಟು ಭೇದವಿದ್ದರೂ ಒಂದು ನಿಬಂಧನೆಯಲ್ಲಿ ಇಬ್ಬರೂ ಕೂಡುವರು. ಅದೆಂತೆಂದರೆ, ಕಾಣದಿರುವಿಕೆಗೆ ಯೋಗ್ಯತೆ ಬೇಕು. ‘ಇದ್ದಿದ್ದರೆ ಕಾಣುತ್ತಿತ್ತು’ ಎಂದು ಹೇಳಲು ಬರುವಂತಹ ಸಂದರ್ಭದಲ್ಲಿ ಕಾಣದಿದ್ದರೆ ಮಾತ್ರ ‘ಇಲ್ಲ’ ಎನ್ನಬಹುದು. ಬೆಳಕಿರುವ ಕೋಣೆಯಲ್ಲಿ ಕಣ್ಣಿರುವವನಿಗೆ ಕೊಡವು ಕಾಣದಿದ್ದರೆ ಕೊಡವಿಲ್ಲ. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ‘ಕಾಣಲಿಲ್ಲ’ ಎನ್ನಬಹುದಲ್ಲದೆ ‘ಇಲ್ಲ’ ಎನ್ನಲಾಗದು. ಇನ್ನೊಬ್ಬನ ಆತ್ಮದಲ್ಲಿರುವ ಧರ್ಮಾಧರ್ಮಗಳು ಎಷ್ಟು ಬೆಳಕಿದ್ದರೂ ಕಣ್ಣಿಗೆ ಬೀಳತಕ್ಕವುಗಳಲ್ಲ. ಆದಕಾರಣ ಕಣ್ಣಿಗೆ ಕಾಣಲಿಲ್ಲವೆಂಬ ಮಾತ್ರದಿಂದ ಅವು ಇಲ್ಲವೆಂದು ಸಿದ್ಧವಾಗದು. ‘ಕಾಣಲಿಲ್ಲ’ ಎಂಬದು ನೋಡಿದವನ ವಿಷಯದ ಮಾತು. ‘ಇಲ್ಲ’ ಎಂಬದು ವಸ್ತುವಿನ ವಿಷಯದ ಮಾತು. ಒಂದರಿಂದ ಇನ್ನೊಂದಕ್ಕೆ ದಾಟಬೇಕಾದರೆ ಯೋಗ್ಯತೆಯೆಂಬ ಸೇತುವೆ ಬೇಕು. ಲೋಕದಲ್ಲಿ ಬಹುಜನರು ಸೇತುವೆಯಿಲ್ಲದೆಯೇ ದಾಟುತ್ತಾರೆ.

ಮಿಸ್ತ್ರಿಯು ‘ಹ್ಯಾಂಗ ನೋಡಿದಿ?’ ಎಂದು ಕೇಳಿದ್ದು ಈ ಯೋಗ್ಯತೆಯನ್ನೇ. ಬಿಚ್ಚಿದ ಪ್ಲಗ್ಗಿನ ಲೋಹದ ಮೈಯನ್ನು ಎಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ತಾಗಿಸಿದ್ದನೋ ಇಲ್ಲವೋ? ತಾಗಿಸದಿದ್ದರೆ ಕರೆಂಟು ಮರಳುವ ದಾರಿಯೇ ಇರದು. ಒಳ್ಳೆಯ ಕಾಯಿಲ್ ಇದ್ದರೂ ತಕ್ಕ ಕಿಡಿ ತೋರದು. ನೋಡಿದ್ದು ನೆರಳಿನಲ್ಲೋ, ಏರುಬಿಸಿಲಿನಲ್ಲೋ? ಬಿಸಿಲಿನಲ್ಲಿ ತೆಳುವಾದ ಕಿಡಿ ಇದ್ದರೂ ಕಣ್ಣಿಗೆ ಬೀಳದು. ಕೊಡವನ್ನು ಕಾಣಲು ಬೆಳಕು ಯೋಗ್ಯತೆಯಾದರೆ ಕಿಡಿಯನ್ನು ಕಾಣಲು ಕತ್ತಲೆಯೇ ಯೋಗ್ಯತೆ. ಯೋಗ್ಯತೆಯೆಂಬದು ಎಲ್ಲ ವಸ್ತುಗಳಿಗೂ ಒಂದೇ ಅಲ್ಲವೆಂಬದನ್ನು ಇಲ್ಲಿ ಲಕ್ಷ್ಯಕ್ಕೆ ತಂದುಕೊಳ್ಳಬೇಕು. ನೋಡಿದ ಪ್ಲಗ್ಗು ತಾನೇ ಕೆಟ್ಟದ್ದಾಗಿರಬಹುದಲ್ಲವೇ? ಆದ್ದರಿಂದ ಒಳ್ಳೆಯದೆಂದು ಗೊತ್ತಿರುವ ಬೇರೊಂದು ಪ್ಲಗ್ಗನ್ನು ಹಚ್ಚಿ ನೋಡತಕ್ಕದ್ದು. ಟೆಸ್ಟ್ ಲ್ಯಾಂಪನ್ನು ಉಪಯೋಗಿಸುವವನು ಮೊದಲು ಅದನ್ನು ಬ್ಯಾಟರಿಗೇ ಹಚ್ಚಿ ಉರಿಯುವದೋ ಎಂದು ನೋಡುವನು; ಉರಿಯದ ದೀಪದಿಂದ ಕರೆಂಟಿಲ್ಲವೆಂದು ಹೇಳಹೊರಟರೆ ನಗೆಗೀಡಾಗುವದು. ಪರೀಕ್ಷೆಗಿಂತ ಮುಂಚೆ ಪರೀಕ್ಷಿಸುವ ಸಾಧನದ ಪರೀಕ್ಷೆಯಾಗಬೇಕು. ಪೆಟ್ರೋಲಿನ ಆವಿ ಹತ್ತಿರ ಇರದಂತೆಯೂ, ವಾಯರನ್ನು ಬರಿಗೈಯಿಂದ ಹಿಡಿಯದೆ ರಬ್ಬರಿನ ಹಿಡಿಕೆಯ ಇಕ್ಕಳದಿಂದ ಹಿಡಿಯುವಂತೆಯೂ ಎಚ್ಚರ ವಹಿಸುವದು ಇದರ ಜತೆಗಿರುವ ಇನ್ನೊಂದು ಹೊಣೆ.

ಯೋಗ್ಯತೆಯ ಮಾತು ‘ಇಲ್ಲ’ ಎಂಬದಕ್ಕೆ ಮಾತ್ರ ಸೇರಿದ್ದಲ್ಲ, ‘ಉಂಟು’ ಎಂಬದಕ್ಕೂ ಸೇರಿದೆ. ಹೊರಗೆ ತೆಗೆದ ಪ್ಲಗ್ಗಿನಲ್ಲಿ ಕಿಡಿ ಹಾರಿತೆಂದು ಸಮಾಧಾನಪಟ್ಟವನೂ ಕೆಲವೊಮ್ಮೆ ಮೋಸಹೋಗುತ್ತಾನೆ. ಸಿಲಿಂಡರಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವು ಬಲವಾಗಿ ಒತ್ತಲ್ಪಟ್ಟಿರುವದು. ಒತ್ತಿದ ಗಾಳಿಯಲ್ಲಿ ಅದೇ ಸಂದನ್ನು ಜಿಗಿಯಲು ಹೆಚ್ಚಿನ ವಿದ್ಯುಚ್ಛಕ್ತಿ ಬೇಕು. ತೆರೆದ ಗಾಳಿಯಲ್ಲಿ ಹಳದಿಯಾಗಿ ಮಿನುಗಿದ ದುರ್ಬಲವಾದ ಕಿಡಿ ಅಲ್ಲಿ ಸೋಲುವದುಂಟು. ಆದುದರಿಂದಲೇ ತಿಳಿದವರು ಹೊರಗೆ ಪರೀಕ್ಷಿಸುವಾಗ ಪ್ಲಗ್ಗಿನ ಸಂದಿಗಿಂತ ದೊಡ್ಡ ಸಂದನ್ನಿಟ್ಟು ನೋಡುತ್ತಾರೆ. ಸುಲಭದ ಎಡೆಯಲ್ಲಿ ಕಂಡ ಗುಣವು ಕಷ್ಟದ ಎಡೆಯಲ್ಲಿ ಉಳಿಯುವದೆಂದು ಹೇಳಬರುವದಿಲ್ಲ. ಮನುಷ್ಯರ ಧೈರ್ಯ, ಪ್ರಾಮಾಣಿಕತೆಗಳ ವಿಷಯದಲ್ಲಿಯೂ ಇದು ಹೀಗೆಯೇ ಇದೆ.

ಅಂತು ಯೋಗ್ಯವಾದ ರೀತಿಯಿಂದ ನೋಡಿಯೂ ಕಿಡಿ ಕಾಣಲಿಲ್ಲವೆಂದಾದ ಮೇಲೆ ‘ಇಲ್ಲ’ ಎಂಬದು ಸಿದ್ಧವಾಯಿತು. ಆದರೆ ಅಷ್ಟಕ್ಕೇ ನಿರ್ಣಯವು ಮುಗಿಯದು. ಪಾಠಶಾಲೆಗಳಲ್ಲಿ ಮೊದಲು ಓದಿಸುವ ತರ್ಕಸಂಗ್ರಹದಲ್ಲಿ ಅಭಾವವು ನಾಲ್ಕು ಬಗೆಯೆಂದು ಹೇಳಿದೆ: ಹುಟ್ಟುವದಕ್ಕೆ ಮುಂಚಿನ ಪ್ರಾಗಭಾವ, ನಾಶವಾದ ಮೇಲಿನ ಪ್ರಧ್ವಂಸಾಭಾವ, ಎಂದೆಂದಿಗೂ ಇಲ್ಲದಿರುವ ಅತ್ಯಂತಾಭಾವ, ಒಂದು ಇನ್ನೊಂದಲ್ಲವೆಂಬ ಅನ್ಯೋನ್ಯಾಭಾವ. ಈ ವಿಭಾಗವು ಮಿಸ್ತ್ರಿಯ ಕೆಲಸಕ್ಕೂ ಒದಗುವದು. ಪಾಯಿಂಟುಗಳ ಮೇಲೆ ಮಸಿ ಕೂತು ಅವು ಕೂಡದಿದ್ದರೆ ಕಿಡಿಯ ಶಕ್ತಿಯು ಹುಟ್ಟಲೇ ಇಲ್ಲ. ಕಾರಣಗಳು ಕೂಡಿದ ಕ್ಷಣದಲ್ಲಿ ಹುಟ್ಟುವದು. ಕ್ಯಾಪಿನೊಳಗೆ ತೇವ ಹಿಡಿದಿದ್ದರೆ, ಅಥವಾ ಅದರಲ್ಲಿ ಕೂದಲಿನಂತಹ ಬಿರುಕು ಬಿಟ್ಟು ಮಸಿಯ ಗೆರೆ ಮೂಡಿದ್ದರೆ, ಶಕ್ತಿಯು ಹುಟ್ಟಿಯೂ ಪ್ಲಗ್ಗನ್ನು ಮುಟ್ಟುವ ಮೊದಲೇ ಲೋಹಕ್ಕಿಳಿದು ಅಳಿದುಹೋಗುವದು. ಇನ್ನು ಅದೇ ಅಂಬಾಸಡರಿನ ಡೀಸೆಲ್ ಮಾದರಿಯೂ ಇತ್ತು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಬಲವಾಗಿ ಒತ್ತಿದ್ದರಿಂದ ಹುಟ್ಟುವ ಶಾಖದಿಂದಲೇ ಎಣ್ಣೆ ಹೊತ್ತಿಕೊಳ್ಳುವದರಿಂದ ಕಿಡಿ ಹಾರಿಸುವ ಪ್ಲಗ್ಗೇ ಅದಕ್ಕಿಲ್ಲ. ಹೊರಗಿನ ಮೈ ಒಂದೇ ಎಂದು ಅಲ್ಲಿ ಕಿಡಿಯನ್ನು ಹುಡುಕುವವನು ಅತ್ಯಂತಾಭಾವವನ್ನು ದೋಷವೆಂದು ತಿಳಿದಂತಾಯಿತು. ಅಲ್ಲಿ ಕಿಡಿಯಿಲ್ಲದಿರುವದು ಕೊರತೆಯಲ್ಲ, ಸ್ವಭಾವ. ಕಿಡಿ ಸರಿಯಾಗಿದ್ದೂ ಪೆಟ್ರೋಲ್ ಬಾರದೆ ಎಂಜಿನ್ನು ನಿಂತಿರುವಾಗ ಕಿಡಿಯನ್ನೇ ದೂರುವವನು ಒಂದನ್ನು ಇನ್ನೊಂದೆಂದು ತಿಳಿದವನು. ಹೀಗೆ ‘ಇಲ್ಲ’ ಎಂಬ ಒಂದೇ ಶಬ್ದದ ಹಿಂದೆ ಬೇರೆ ಬೇರೆ ಸ್ಥಿತಿಗಳಿವೆ. ಒಂದಕ್ಕೆ ಮಾಡತಕ್ಕ ಉಪಾಯವು ಇನ್ನೊಂದಕ್ಕೆ ಸಲ್ಲದು.

ಈ ಭೇದವನ್ನು ಕಂಡುಕೊಳ್ಳುವ ಕ್ರಮವೂ ಗಮನಿಸತಕ್ಕದ್ದಾಗಿದೆ. ಮಿಸ್ತ್ರಿಯು ದಾರಿಯನ್ನು ನಡುವೆ ಕತ್ತರಿಸಿ ನೋಡುವನು. ಕಾಯಿಲಿನಿಂದ ಕ್ಯಾಪಿಗೆ ಬರುವ ದಪ್ಪ ವಾಯರಿನ ತುದಿಯನ್ನು ಲೋಹಕ್ಕೆ ಸ್ವಲ್ಪ ದೂರ ಹಿಡಿದು ಎಂಜಿನ್ನನ್ನು ತಿರುಗಿಸಿದಾಗ ಅಲ್ಲಿ ಕಿಡಿ ಹಾರಿದರೆ ಕಾಯಿಲೂ ಪಾಯಿಂಟುಗಳೂ ನಿರ್ದೋಷಿಗಳು. ದೋಷವು ಕ್ಯಾಪಿನಲ್ಲೋ, ರೋಟರಿನಲ್ಲೋ, ಮುಂದಿನ ವಾಯರು ಪ್ಲಗ್ಗುಗಳಲ್ಲೋ ಇದೆ. ಅಲ್ಲಿಯೂ ಹಾರದಿದ್ದರೆ ಮುಂದಿನವುಗಳನ್ನು ಸದ್ಯಕ್ಕೆ ಬಿಟ್ಟು ಹಿಂದಕ್ಕೆ ಹೋಗಬೇಕು. ಕಾಯಿಲಿನಿಂದ ಪಾಯಿಂಟಿಗೆ ಹೋಗುವ ತುದಿಗೂ ಎಂಜಿನ್ನಿನ ಲೋಹಕ್ಕೂ ನಡುವೆ ಟೆಸ್ಟ್ ಲ್ಯಾಂಪನ್ನು ಹಚ್ಚಿ ಎಂಜಿನ್ನನ್ನು ತಿರುಗಿಸಿದರೆ, ಪಾಯಿಂಟುಗಳು ಬಿಚ್ಚಿ ಕೂಡಿದಂತೆ ದೀಪವು ಹತ್ತಿ ಆರುತ್ತಿರಬೇಕು. ಸದಾ ಹತ್ತಿಯೇ ಇದ್ದರೆ ಪಾಯಿಂಟುಗಳು ಕೂಡುತ್ತಿಲ್ಲ. ಹತ್ತದೆಯೇ ಇದ್ದರೆ ಕಾಯಿಲಿಗೆ ಕರೆಂಟು ಬರುತ್ತಿಲ್ಲ, ಇಲ್ಲವೆ ಕಾಯಿಲಿನ ಮೊದಲ ಸುರುಳಿ ತುಂಡಾಗಿದೆ, ಇಲ್ಲವೆ ಪಾಯಿಂಟಿನ ಅಥವಾ ಕಂಡೆನ್ಸರಿನ ಕಡೆಯಲ್ಲಿ ಕರೆಂಟು ಲೋಹಕ್ಕಿಳಿದುಹೋಗುತ್ತಿದೆ. ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವಾಯರನ್ನು ಬಿಚ್ಚಿದಾಗ ದೀಪ ಹತ್ತಿದರೆ ಕೊನೆಯ ಪಕ್ಷವೇ ನಿಜ. ಒಂದೊಂದು ಪರೀಕ್ಷೆಯೂ ಸಂಶಯದ ಕ್ಷೇತ್ರವನ್ನು ಕಿರಿದಾಗಿಸುವದಲ್ಲದೆ, ಕೆಲವು ಭಾಗಗಳನ್ನು ಸಂಶಯದಿಂದ ಬಿಡುಗಡೆ ಮಾಡುವದು. ಅಪರಾಧಿಯನ್ನು ಹಿಡಿಯುವದರಷ್ಟೇ ನಿರಪರಾಧಿಯನ್ನು ಬಿಡುವದೂ ವಿಚಾರಣೆಯ ಫಲವೆಂಬದು ಇಲ್ಲಿ ತೋರುವದು.

ಹೊಳೆಯ ದಂಡೆಯ ಆ ಕಾರಿನಲ್ಲಿ ದಪ್ಪ ವಾಯರಿನ ತುದಿಯಲ್ಲಿ ಕಿಡಿ ಹಾರಿ ಪ್ಲಗ್ಗುಗಳಲ್ಲಿ ಹಾರದಿದ್ದರೆ, ರಾತ್ರಿಯ ತೇವವನ್ನು ನೆನೆದು ಮೊದಲು ಕ್ಯಾಪಿನ ಒಳಗನ್ನು ಒಣಬಟ್ಟೆಯಿಂದ ಒರೆಸುವದು ವಿವೇಕ. ಒರೆಸಿದ್ದರಿಂದ ಎಂಜಿನ್ನು ಹೊತ್ತಿಕೊಂಡರೆ ಅದರ ಬೆಲೆ ಒಂದು ಅಂಗೈಯಗಲದ ಬಟ್ಟೆ ಮಾತ್ರ. ಕಾಯಿಲ್, ಕಂಡೆನ್ಸರ್, ಪ್ಲಗ್ಗುಗಳೆಂದು ಮೂವರೂ ಹೇಳಿದಂತೆ ಎಲ್ಲವನ್ನೂ ಒಮ್ಮೆಗೇ ಬದಲಿಸಲು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಬಿಸಿಲೇರಿ ಕ್ಯಾಪು ತಾನೇ ಒಣಗಿ ಕಾರು ಹೊರಡುವದೂ ಉಂಟು. ಆಗ ಬದಲಿಸಿದ್ದರಿಂದಲೇ ಹೊರಟಿತೆಂದು ಎಲ್ಲರೂ ನಂಬುವರು. ಅನ್ವಯವ್ಯತಿರೇಕಗಳನ್ನು ಬಲ್ಲವನು ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡುವನು. ಇದನ್ನು ಹಾಕಿದಾಗ ಕಿಡಿಯುಂಟು, ಹಳೆಯದನ್ನು ಮರಳಿ ಹಾಕಿದಾಗ ಇಲ್ಲ ಎಂದು ಎರಡೂ ಕಡೆಯಿಂದ ಸಿದ್ಧವಾದರೆ ಮಾತ್ರ ಹಳೆಯದನ್ನು ದೋಷಿಯೆನ್ನುವನು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ‘ಕಾರು ಹೊರಟರೆ ಸಾಕು, ಯಾವದರಿಂದ ಹೊರಟಿತೆಂಬ ವಿಚಾರದಿಂದ ಆಗಬೇಕಾದದ್ದೇನು? ಫಲವು ದೊರೆತ ಮೇಲೆ ಪ್ರಮಾಣದ ಗೊಡವೆ ಯಾಕೆ?’ ಎಂದು. ಇದಕ್ಕೆ ಉತ್ತರವೇನೆಂದರೆ, ಆ ಫಲದ ಬೆಲೆಯನ್ನು ಯಾರು ಕೊಟ್ಟರೆಂಬದನ್ನು ಮೊದಲು ಕೇಳಬೇಕು. ಊಹಿಸಿದವನು ಒಬ್ಬ, ಹಣ ತೆತ್ತವನು ಇನ್ನೊಬ್ಬ. ತನ್ನ ಅಜ್ಞಾನದ ಬೆಲೆಯನ್ನು ತಾನೇ ಕೊಡುವವನು ಬರಿಯ ಅವಿವೇಕಿ. ಅದನ್ನು ಇನ್ನೊಬ್ಬನಿಂದ ಕೊಡಿಸುವವನು ಅನ್ಯಾಯಗಾರ. ಬಾಡಿಗೆಯ ಕಾರಿನಿಂದ ಹೊಟ್ಟೆ ಹೊರೆಯುವವನ ನಾಲ್ಕು ದಿನದ ಗಳಿಕೆಯು ಹೀಗೆ ಹೋಗಬಹುದು. ಎರಡನೆಯದಾಗಿ, ಒಳ್ಳೆಯ ಕಾಯಿಲ್ ಕೆಟ್ಟದ್ದೆಂಬ ಹೆಸರು ಹೊತ್ತು ಗುಜರಿಗೆ ಹೋಯಿತು. ಜಡವಸ್ತುವಿಗೆ ಅದರಿಂದ ನೋವಿಲ್ಲ ನಿಜ. ಆದರೆ ಹಾಗೆ ತೀರ್ಪು ಕೊಟ್ಟವನ ಮನಸ್ಸಿಗೆ ಅಭ್ಯಾಸವಾಗುವದು. ಕಾಯಿಲನ್ನು ವಿಚಾರಿಸದೆ ಎಸೆದವನು ನಾಳೆ ಕೆಲಸದ ಹುಡುಗನನ್ನೂ ವಿಚಾರಿಸದೆ ಹೊರಗೆ ಹಾಕುವನು.

ಇನ್ನೊಂದು ಆಕ್ಷೇಪಣೆಯು ಇದಕ್ಕಿಂತ ತೂಕವುಳ್ಳದ್ದು. ಕಾರಿನಲ್ಲಿ ಬೇನೆ ತಿನ್ನುವ ಗರ್ಭಿಣಿಯಿದ್ದಾಳೆ, ರಾತ್ರಿಯಾಗಿದೆ, ಆಸ್ಪತ್ರೆ ದೂರವಿದೆ. ಆಗಲೂ ಒಂದೊಂದನ್ನೇ ಪರೀಕ್ಷಿಸುತ್ತ ಕೂರಬೇಕೋ? ಬೇಡ. ಆಪತ್ತಿನಲ್ಲಿ ಕೈಗೆ ಸಿಕ್ಕದ್ದನ್ನೆಲ್ಲ ಬದಲಿಸಿ ನೋಡುವದೂ, ಸಾಧ್ಯವಿದ್ದರೆ ಬೇರೆ ಕಾರನ್ನು ತರಿಸುವದೂ ಧರ್ಮವೇ. ಸಂಶಯವಿರುವಾಗಲೂ ಕಾರ್ಯ ಮಾಡಬೇಕಾದ ಪ್ರಸಂಗಗಳು ಬಾಳಿನಲ್ಲಿ ಅನೇಕ. ನಿರ್ಣಯವಾದ ಮೇಲೆಯೇ ಕೈ ಎತ್ತುವೆನೆಂಬವನು ಎಂದಿಗೂ ಕೈ ಎತ್ತಲಾರನು. ಆದರೆ ಊಹೆಯಿಂದ ಕಾರ್ಯ ಮಾಡುವದು ಬೇರೆ, ಊಹೆಯನ್ನು ಜ್ಞಾನವೆಂದು ಹೇಳಿಕೊಳ್ಳುವದು ಬೇರೆ. ಮೊದಲನೆಯದಕ್ಕೆ ಆಪತ್ತು ಅನುಮತಿ ಕೊಡುವದು. ಎರಡನೆಯದಕ್ಕೆ ಯಾವ ಆಪತ್ತೂ ಅನುಮತಿ ಕೊಡದು. ಮಾರನೆಯ ದಿನ ‘ಕಾಯಿಲ್ ಸುಟ್ಟಿತ್ತು’ ಎನ್ನದೆ ‘ಅವಸರದಲ್ಲಿ ಎಲ್ಲವನ್ನೂ ಬದಲಿಸಿದೆವು, ಯಾವದು ಕೆಟ್ಟಿತ್ತೆಂದು ಗೊತ್ತಾಗಲಿಲ್ಲ’ ಎಂದು ಒಡೆಯನಿಗೆ ಹೇಳಿ ಹಳೆಯ ಭಾಗಗಳನ್ನು ಅವನ ಕೈಗೆ ಕೊಟ್ಟರೆ ಸತ್ಯಕ್ಕೆ ಹಾನಿಯಿಲ್ಲ, ಒಡೆಯನಿಗೂ ಮೋಸವಿಲ್ಲ.

ಈಚಿನ ಕಾರುಗಳಲ್ಲಿ ಪಾಯಿಂಟುಗಳೂ ಡಿಸ್ಟ್ರಿಬ್ಯೂಟರೂ ಇಲ್ಲ. ಒಂದೊಂದು ಪ್ಲಗ್ಗಿಗೂ ಒಂದೊಂದು ಕಾಯಿಲಿದ್ದು, ಕಿಡಿಯ ಸಮಯವನ್ನು ಕಂಪ್ಯೂಟರು ಗೊತ್ತುಮಾಡುವದು. ಅಲ್ಲಿ ವಾಯರನ್ನು ಬಿಚ್ಚಿ ಕಿಡಿ ಹಾರಿಸಿ ನೋಡುವದರಿಂದ ಸೂಕ್ಷ್ಮವಾದ ಭಾಗಗಳು ಕೆಡಬಹುದಾದ್ದರಿಂದ ಹಳೆಯ ರೀತಿ ಸಲ್ಲದು. ಯಂತ್ರವೇ ತನ್ನ ದೋಷವನ್ನು ಸಂಕೇತದಿಂದ ಹೇಳುವದು. ಹಾಗಾದರೆ ಮನುಷ್ಯನ ವಿಚಾರಕ್ಕೆ ಕೆಲಸವಿಲ್ಲವೋ ಎಂದರೆ ಹಾಗಲ್ಲ. ಪಿ0335 ಎಂಬ ಸಂಕೇತವು ಎಂಜಿನ್ನಿನ ದಂಡದ ತಿರುಗಾಟವನ್ನು ತಿಳಿಸುವ ಸೆನ್ಸರಿನ ಮಾರ್ಗದಲ್ಲಿ ದೋಷವಿದೆಯೆಂದು ಸೂಚಿಸುವದು. ಬಹುಜನರು ಇದನ್ನೋದಿ ಸೆನ್ಸರ್ ಕೆಟ್ಟಿದೆಯೆಂದು ಹೊಸದನ್ನು ತರಿಸುವರು. ಆದರೆ ಸಂಕೇತವು ಹೇಳಿದ್ದು ಸುದ್ದಿ ಸರಿಯಾಗಿ ಬರಲಿಲ್ಲವೆಂದು ಮಾತ್ರ. ಸೆನ್ಸರ್ ಸರಿಯಿದ್ದು ನಡುವಿನ ವಾಯರನ್ನು ಇಲಿ ಕಡಿದಿದ್ದರೂ ಅದೇ ಸಂಕೇತ ಬರುವದು. ಕಂಪ್ಯೂಟರು ‘ಕಾಣಲಿಲ್ಲ’ ಎಂದದ್ದನ್ನು ಮನುಷ್ಯನು ‘ಇಲ್ಲ’ ಎಂದು ಓದಿದನು. ಸಾಧನಗಳು ಬದಲಾದರೂ ಸೇತುವೆಯಿಲ್ಲದೆ ದಾಟುವ ಚಾಳಿ ಬದಲಾಗಲಿಲ್ಲ.

ಮನುಷ್ಯರ ವಿಷಯದಲ್ಲಿ ಈ ಚಾಳಿಯಿಂದಾಗುವ ಹಾನಿಯು ಕಾಯಿಲು ಸೆನ್ಸರುಗಳ ಹಾನಿಯಂತಹದಲ್ಲ. ಒಂದು ಅಭಾವವನ್ನು ಸರಿಯಾಗಿಯೇ ಕಂಡು ಅದರಿಂದ ಬೇರೊಂದು ಅಭಾವವನ್ನು ಊಹಿಸುವದು ಇದರ ಒಂದು ಮುಖ. ಹುಟ್ಟು ಕುರುಡನಾದ ಮಗುವಿಗೆ ಕಣ್ಣಿಲ್ಲವೆಂಬದು ಸತ್ಯ. ಆದಕಾರಣ ವಿದ್ಯೆಯಿಲ್ಲವೆಂಬದು ಹೇತ್ವಾಭಾಸ. ಕಣ್ಣಿಲ್ಲದ ಎಡೆಯಲ್ಲಿಯೂ ವಿದ್ಯೆಯಿರುವದರಿಂದ ಈ ಹೇತುವು ಸವ್ಯಭಿಚಾರವಾಗುವದು. 1892ರಲ್ಲಿ ಹುಟ್ಟಿದ ಪಂಚಾಕ್ಷರ ಗವಾಯಿಗಳವರು ಹುಟ್ಟು ಅಂಧರು. ಇಂತಹ ಮಗುವಿನ ವಿಷಯದಲ್ಲಿ ಲೋಕವು ಕೊಡುವ ತೀರ್ಪು ಏನೆಂದು ಹೇಳಬೇಕಾದದ್ದಿಲ್ಲ. ಶಿವಯೋಗ ಮಂದಿರವನ್ನು ಸ್ಥಾಪಿಸಿದ ಆ ಕುಮಾರ ಸ್ವಾಮಿಗಳವರೇ ಆ ತೀರ್ಪನ್ನೊಪ್ಪದೆ ಆ ಬಾಲಕನಲ್ಲಿ ಸಂಗೀತವನ್ನು ಕಂಡು ಅದರ ಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಕಣ್ಣಿನಿಂದ ನೋಡತಕ್ಕದ್ದನ್ನು ಕಣ್ಣಿನಿಂದಲೂ ಕಿವಿಯಿಂದ ನೋಡತಕ್ಕದ್ದನ್ನು ಕಿವಿಯಿಂದಲೂ ನೋಡಿದ್ದೇ ಅವರ ವಿಶೇಷ. ಪಂಚಾಕ್ಷರ ಗವಾಯಿಗಳವರು ಮುಂದೆ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧರಿಗೂ ಅನಾಥರಿಗೂ ಗುರುಗಳಾಗಿ 1944ರಲ್ಲಿ ತೀರಿಕೊಂಡರು. ಎಳವೆಯಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡ ಪುಟ್ಟರಾಜ ಗವಾಯಿಗಳವರು (1914–2010) ಅವರ ಕೈಯಲ್ಲಿ ಬೆಳೆದು ಅದೇ ಆಶ್ರಮವನ್ನು ನಡೆಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣವು ಸಂದಿತು. ಮೊದಲನೆಯ ಬಾಲಕನ ವಿಷಯದಲ್ಲಿ ‘ಇಲ್ಲ’ ಎಂಬ ಮಾತು ಗೆದ್ದಿದ್ದರೆ ಎರಡನೆಯ ಬಾಲಕನಿಗೆ ಗುರುವೇ ದೊರೆಯುತ್ತಿರಲಿಲ್ಲ. ಒಂದು ತಪ್ಪು ನಿರ್ಣಯದ ಹಾನಿ ಒಬ್ಬನಲ್ಲಿಯೇ ನಿಲ್ಲದೆಂಬದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ.

ಇಂತಹ ಮಹನೀಯರ ಮಾತಿರಲಿ. ಸಾಮಾನ್ಯವಾದ ಶಾಲೆಯ ಕೋಣೆಯನ್ನು ನೋಡಿದರೂ ಸಾಕು. ಹಿಂದಿನ ಸಾಲಿನಲ್ಲಿ ಕೂತ ಹುಡುಗಿಯು ಹಲಗೆಯ ಮೇಲಿನ ಲೆಕ್ಕವನ್ನು ತಪ್ಪಾಗಿ ಬರೆದುಕೊಳ್ಳುವಳು. ಗುರುವು ‘ಲಕ್ಷ್ಯವಿಲ್ಲ’ ಎನ್ನುವನು. ಅವಳಿಗಿಲ್ಲದ್ದು ಲಕ್ಷ್ಯವಲ್ಲ, ಕನ್ನಡಕ. ಮನೆಯಲ್ಲಿ ಲಂಬಾಣಿಯನ್ನಾಡುವ ಹುಡುಗನು ಗ್ರಂಥಭಾಷೆಯ ಪ್ರಶ್ನೆಗೆ ಸುಮ್ಮನೆ ನಿಲ್ಲುವನು. ಅವನಿಗೆ ಉತ್ತರ ತಿಳಿಯದೋ, ಪ್ರಶ್ನೆಯೇ ಮುಟ್ಟಲಿಲ್ಲವೋ ಎಂದು ಯಾರೂ ನೋಡಲಿಲ್ಲ. ಉಗ್ಗುವ ಹುಡುಗನಿಗೆ ಬಾಯಿಪಾಠದ ಪರೀಕ್ಷೆಯನ್ನಿಟ್ಟು ‘ಪಾಠ ಬರುವದಿಲ್ಲ’ ಎಂದು ಬರೆಯುವದು, ಲೋಹಕ್ಕೆ ತಾಗಿಸದೆ ಪ್ಲಗ್ಗನ್ನು ನೋಡಿದಂತೆಯೇ. ಕೆಲವರಲ್ಲಿ ಗುಣವು ಇನ್ನೂ ಹುಟ್ಟಿಲ್ಲ, ಕಾಲವು ಬೇಕು; ಕೆಲವರಲ್ಲಿ ಹುಟ್ಟಿದ್ದು ಮನೆಯ ಕಷ್ಟದಿಂದಲೋ ಗುರುವಿನ ಬೈಗುಳದಿಂದಲೋ ನಡುದಾರಿಯಲ್ಲಿ ಸೋರಿಹೋಗುತ್ತಿದೆ; ಇನ್ನು ಕೆಲವರಿಗೆ ಗಣಿತದ ಕಿಡಿಯೇ ಬೇಕಾಗಿಲ್ಲ, ಡೀಸೆಲ್ ಎಂಜಿನ್ನಿನಂತೆ ಅವರು ಬೇರೆ ಬಗೆಯಿಂದ ನಡೆಯತಕ್ಕವರು. ಮೊದಲನೆಯವರಿಗೆ ಸೈರಣೆ, ಎರಡನೆಯವರಿಗೆ ಆಸರೆ, ಮೂರನೆಯವರಿಗೆ ಬೇರೆ ದಾರಿ ಬೇಕು. ಎಲ್ಲರಿಗೂ ಒಂದೇ ಛಡಿಯನ್ನು ತೋರಿಸುವವನು, ಕಾರು ನಿಂತಾಗಲೆಲ್ಲ ಕಾಯಿಲನ್ನು ಬದಲಿಸುವ ಮಿಸ್ತ್ರಿಗಿಂತ ಮೇಲಾದವನಲ್ಲ.

ಹಾಗೆಂದು ‘ಇಲ್ಲ’ ಎಂಬ ಮಾತನ್ನೇ ಆಡಬಾರದೆಂದು ಇದರ ತಾತ್ಪರ್ಯವಲ್ಲ. ಯೋಗ್ಯವಾಗಿ ನೋಡಿ ಕಾಣದಿದ್ದದ್ದನ್ನು ಇಲ್ಲವೆಂದು ಹೇಳದಿರುವದೂ ಒಂದು ಬಗೆಯ ಮೋಸವೇ. ಕಿಡಿಯಿಲ್ಲದ ಕಾರನ್ನು ಕಿಡಿಯುಂಟೆಂದು ಮಾರುವವನನ್ನು ಯಾರೂ ದಯಾಳುವೆನ್ನುವದಿಲ್ಲ. ವೈದ್ಯನು, ನ್ಯಾಯಾಧೀಶನು, ಗುರುವು ಈ ಮಾತನ್ನು ಆಡಲೇಬೇಕಾಗುವದು. ಆಡುವವನು ಅದರ ಹೊಣೆಯನ್ನು ಹೊರಬೇಕೆಂಬದಿಷ್ಟೇ ಸಿದ್ಧಾಂತ. ಎಲ್ಲಿ, ಯಾವಾಗ, ಯಾವದರಿಂದ ನೋಡಿದೆನೆಂದು ಹೇಳಲು ಅವನು ಸಿದ್ಧನಿರಬೇಕು. ಇದ್ದಿದ್ದರೆ ಕಾಣುತ್ತಿತ್ತೆಂಬದನ್ನು ತೋರಿಸಬೇಕು. ಅಷ್ಟು ತೋರಿಸಲಾಗದಿದ್ದಲ್ಲಿ ‘ಕಾಣಲಿಲ್ಲ’ ಎಂಬಲ್ಲಿಗೆ ನಿಲ್ಲಿಸಬೇಕು. ಶಾಲೆಯ ತಖ್ತೆಯಲ್ಲಿ ‘ಬುದ್ಧಿಯಿಲ್ಲ’ ಎಂದು ಬರೆಯಲು ಎರಡು ಶಬ್ದ ಸಾಕು. ‘ಬರವಣಿಗೆಯ ಲೆಕ್ಕದಲ್ಲಿ ಕಾಣಲಿಲ್ಲ, ಬಾಯಿಲೆಕ್ಕದಲ್ಲಿ ಇನ್ನೂ ನೋಡಿಲ್ಲ’ ಎಂದು ಬರೆಯಲು ಅದರ ಮೂರು ಪಟ್ಟು ಬೇಕಾಗಬಹುದು. ಆದರೆ ಅದನ್ನೋದಿದ ಮುಂದಿನ ವರ್ಷದ ಗುರುವಿಗೆ, ನೋಡುವ ಕೆಲಸ ಇನ್ನೂ ಉಳಿದಿದೆಯೆಂದು ತಿಳಿಯುವದು.